ಬಂದವರಿಗೆ ತೋರಿಸುವ ಊರು

ಕೊಪ್ಪಳಕ್ಕೆ ಬರುತ್ತೇವೆ ಎಂದು ಯಾರಾದರೂ ಫೋನು ಮಾಡಿದರೆ ನನ್ನ ಬಾಯಿಂದ ಹೊರಡುವ ಮೊದಲ ಮಾತು, ‘ಬರ್ರಿ, ಹಂಪಿ ನೋಡಿಕೊಂಡು ಬರೋಣು’. ಹಂಪಿ ನಮ್ಮ ಜಿಲ್ಲೆಯದಲ್ಲ, ಹೊಳೆಯ ಆಚೆಯದು. ಗೊತ್ತಿದ್ದೂ ಅದೇ ಮಾತು ಬರುತ್ತದೆ. ಬಂದವರಿಗೆ ಅನುಕೂಲವಾಗಲಿ ಎಂದು ಹೀಗೆ ಮಾಡುತ್ತೇನೆ ಅಂತ ಬಹಳ ದಿನ ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಹಂಪಿಯನ್ನು ನೋಡಿ ಯಾರೂ ‘ಇಷ್ಟೇನಾ’ ಅನ್ನುವುದಿಲ್ಲ. ನನ್ನ ಊರನ್ನು ನೋಡಿ ಅಂದಾರು. ಆ ಮಾತು ಕಿವಿಗೆ ಬೀಳಬಾರದು ಎಂಬ ಅಂಜಿಕೆಯೇ ನನ್ನಿಂದ ಕಾರನ್ನು ಹೊಸಪೇಟೆ ಕಡೆ ತಿರುಗಿಸುತ್ತದೆಯೋ ಏನೋ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ನಾನೂ ಬಂದವರ ಮುಂದೆ ಹೇಳುತ್ತೇನೆ, ಅದೂ ಹಂಪಿಗೆ ಹೋಗುವ ದಾರಿಯಲ್ಲಿ. ಕನಕಾಚಲಪತಿಯ ಗುಡಿಗೆ ಅವರನ್ನು ಕರೆದೊಯ್ದದ್ದು ಅಪರೂಪ.

ಹಾಗಂತ ಹೆಮ್ಮೆ ಇಲ್ಲವೆಂದಲ್ಲ. ಹೆಮ್ಮೆಯೇ ಹೆಚ್ಚಾಗಿ ತೊಂದರೆಯಾಗಿದೆ ಅನ್ನಿಸುತ್ತದೆ. ಯಾರಾದರೂ ಒಂದು ದಿನ ಹೆಚ್ಚಿಗೆ ಉಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ‘ಕವಿರಾಜಮಾರ್ಗ’ದಲ್ಲಿ ತಿರುಳ್ಗನ್ನಡದ ನಾಡು ಎಂದು ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದು ಎನ್ನುತ್ತೇನೆ. ಜೈನರಿಗೆ ಇದು ಮಹಾತೀರ್ಥವಾಗಿತ್ತು ಎನ್ನುತ್ತೇನೆ. ಟಿಪ್ಪು ಬಲಪಡಿಸಿದ ಕೋಟೆ, 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ಮುಂಡರಗಿ ಭೀಮರಾಯ ಪ್ರಾಣ ಕೊಟ್ಟದ್ದು ಇಲ್ಲೇ ಎಂದು ಬೆಟ್ಟಕ್ಕೆ ಕೈ ಮಾಡುತ್ತೇನೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಹೇಳುವಾಗ ನನ್ನ ಕಣ್ಣು ಕೋಟೆಯ ಮೇಲೆ ಇರುವುದಿಲ್ಲ, ಕೇಳುವವರ ಮುಖದ ಮೇಲೆ ಇರುತ್ತದೆ.

ಇದಕ್ಕೆ ಕಾರಣ ಇಲ್ಲವೆನ್ನಲಾರೆ. ಸಣ್ಣಂದಿನಿಂದ ನಮ್ಮ ಸೀಮೆಗೆ ಅಂಟಿದ ಹೆಸರು ‘ಹಿಂದುಳಿದದ್ದು’. 1948ರವರೆಗೆ ನಿಜಾಮರ ಆಳ್ವಿಕೆ, ಆಮೇಲೆ ರಾಯಚೂರಿನ ಒಂದು ಮೂಲೆ, 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿ ಬೇರೆ ಜಿಲ್ಲೆ. ಬೆಂಗಳೂರಿನಲ್ಲಿ ಊರಿನ ಹೆಸರು ಹೇಳಿದರೆ ‘ಅದೆಲ್ಲಿ ಬರುತ್ತೆ?’ ಎಂದು ಕೇಳಿಸಿಕೊಂಡವರಿಗೆ ತಮ್ಮ ಊರು ದೊಡ್ಡದೆಂದು ಸಾಧಿಸುವ ಚಟ ಹತ್ತಿದರೆ ಅಚ್ಚರಿಯಲ್ಲ. ಹಾಗೆಂದು ಎಲ್ಲವನ್ನೂ ಸೀಮೆಯ ತಲೆಗೆ ಕಟ್ಟಿದರೆ ನಾನು ಸುಲಭವಾಗಿ ಪಾರಾದಂತೆ. ಅದೇ ಸೀಮೆಯಲ್ಲಿ ಹುಟ್ಟಿದ ನನ್ನ ಅಕ್ಕನಿಗೆ ಈ ಚಟವಿಲ್ಲ. ಅವಳು ಬಂದವರಿಗೆ ಒಗ್ಗರಣಿ, ಮಿರ್ಚಿ ಕೊಟ್ಟು, ಊರ ಸುದ್ದಿ ಕೇಳಿ, ಬಿಸಿಲು ಇಳಿದ ಮೇಲೆ ಗವಿಮಠಕ್ಕೆ ಕಳಿಸುತ್ತಾಳೆ. ಅವರು ಏನೆಂದುಕೊಂಡರೋ ಅವಳಿಗೆ ಬೇಕಾಗಿಲ್ಲ.

ಅಕ್ಕನ ಮಗಳನ್ನು ಒಮ್ಮೆ ಇಟಗಿಗೆ ಕರೆದೊಯ್ದೆ. ಬೆಂಗಳೂರಲ್ಲೇ ಓದಿ ಅಲ್ಲೇ ಕೆಲಸಕ್ಕೆ ನಿಂತ ಹುಡುಗಿ. ಮಹಾದೇವ ದೇವಾಲಯದ ಒಳಗೆ ಕಾಲಿಟ್ಟದ್ದೇ ತಡ, ಶುರುವಾಯಿತು ನನ್ನದು: 1112ರಲ್ಲಿ ಕಟ್ಟಿದ್ದು, ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಶಾಸನದಲ್ಲಿ ಇದಕ್ಕೆ ‘ದೇವಾಲಯ ಚಕ್ರವರ್ತಿ’ ಎಂದು ಹೆಸರು. ಅವಳು ಒಂದು ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಬಳಪದ ಕಲ್ಲಿನ ಕಂಬ. ತಿರುಗಣಿಗೆ ಕೊಟ್ಟು ನುಣ್ಣಗೆ ಮಾಡಿದ ಅದರ ಏಣುಗಳು ಇವತ್ತಿಗೂ ಚೂಪಾಗಿವೆ. ಒಂದು ಏಣಿನ ಮೇಲೆ ಬೆರಳಿಟ್ಟು ಸುತ್ತ ಎಳೆಯುತ್ತಿದ್ದಳು. ‘ಮಾಮಾ, ಒಂದ್ನಿಮಿಷ ಸುಮ್ನಿರ್ತೀರಾ? ನೋಡ್ತಿದೀನಿ’ ಎಂದಳು. ಬೇಸರದಿಂದ ಅಂದದ್ದಲ್ಲ. ಆದರೆ ಆ ಕಂಬವನ್ನು ನಾನು ಹಾಗೆ ಕೂತು ಎಂದೂ ಮುಟ್ಟಿ ನೋಡಿರಲಿಲ್ಲ ಎಂಬುದು ಆಗಲೇ ಹೊಳೆಯಿತು. ಇಸವಿ ಬಾಯಿಪಾಠವಿತ್ತು, ಕಲ್ಲು ಗೊತ್ತಿರಲಿಲ್ಲ.

ಅಶೋಕನ ಶಾಸನದ ವಿಷಯ ಇದಕ್ಕಿಂತ ಹೆಚ್ಚು ಕಾಡುತ್ತದೆ. ನಮ್ಮೂರಲ್ಲಿ ಅಂಥವು ಎರಡಿವೆ. ಒಂದು ಗವಿಮಠದ ಬೆಟ್ಟದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಬೆಳಕಿಗೆ ಬಂದದ್ದು 1931ರಲ್ಲಿ. ಪಾಲ್ಕಿಗುಂಡಿನ ಅಕ್ಷರ ಬಹುಪಾಲು ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ‘ನಮ್ಮೂರಾಗ ಅಶೋಕನ ಶಾಸನ ಐತಿ, ಅದೂ ಎರಡು’ ಎಂದು ಎಷ್ಟು ಜನರ ಮುಂದೆ ಹೇಳಿದ್ದೇನೋ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದವರಿಗೆ ‘ಧರ್ಮದ ಮಾತು’ ಎಂದು ಜಾರಿಕೊಳ್ಳುತ್ತಿದ್ದೆ. ಓದಿದ್ದು ತೀರಾ ಈಚೆಗೆ. ಚಕ್ರವರ್ತಿ ಅಲ್ಲಿ ಗೆದ್ದ ರಾಜ್ಯಗಳ ಪಟ್ಟಿ ಕೊಟ್ಟಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆಯೇ ಮನಸ್ಸಿಟ್ಟು ದುಡಿದೆ ಎಂದು ಹೇಳಿಕೊಂಡಿದ್ದಾನೆ. ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂದಿದ್ದಾನೆ. ಅಷ್ಟು ದೊಡ್ಡ ದೊರೆ ತನ್ನ ಮನಸ್ಸಿನ ಸಡಿಲನ್ನು ಬಂಡೆಯ ಮೇಲೆ ಬರೆಸಿ ಊರೂರಿಗೆ ತಿಳಿಸಿದ. ಅದೇ ಬಂಡೆಯನ್ನು ತೋರಿಸಿ ನಾನು ಬೀಗಿದೆ. ಇದನ್ನು ಬರೆಯುವಾಗಲೂ ಒಳಗೊಂದು ಸಂಶಯ ಇದ್ದೇ ಇದೆ. ಈಗ ಅರ್ಥ ಗೊತ್ತಾಯಿತಲ್ಲ, ಮುಂದಿನ ಸಲ ಬಂದವರಿಗೆ ಅರ್ಥದ ಸಮೇತ ಹೇಳಿ ಬೀಗುತ್ತೇನೇನೋ.

ಹಿರೇಬೆಣಕಲ್ಲಿನ ಮೊರ್ಯರ ಗುಡ್ಡದಲ್ಲೂ ಹೀಗೇ. ಗಂಗಾವತಿಯಿಂದ ದೂರವೇನಿಲ್ಲ, ಆದರೆ ಬಂಡೆಗಳ ನಡುವೆ ಹತ್ತಿ ಹೋಗಬೇಕು, ನೀರು ಕಟ್ಟಿಕೊಂಡು ಬೆಳಗಿನ ಹೊತ್ತೇ ಹೊರಡಬೇಕು. ಮೇಲೆ ಸುಮಾರು 400 ಶಿಲಾಸಮಾಧಿಗಳು. ಸತ್ತವರಿಗಾಗಿ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿ ಕಟ್ಟಿದ ಮನೆಗಳು. ಬಂಡೆಯ ಮೇಲೊಂದು ಕಲ್ಲಿನ ನಗಾರಿಯೂ ಇದೆ. ನಾನು ಮಾತ್ರ 2021ರಲ್ಲಿ ಅದು ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ಸೇರಿದ ಸಂಗತಿಯಿಂದಲೇ ಕಥೆ ಶುರು ಮಾಡುತ್ತೇನೆ. ಹೊರಗಿನವರು ಒಪ್ಪಿ ಮುದ್ರೆ ಒತ್ತಿದ ಮೇಲೆಯೇ ನನಗೆ ಅದು ದೊಡ್ಡದಾಗಿ ಕಂಡದ್ದು.

ಕಿನ್ನಾಳದಲ್ಲಿ ಆದದ್ದು ಮರೆಯಲು ಆಗಿಲ್ಲ. ಗೆಳೆಯರ ಕುಟುಂಬವನ್ನು ಗೊಂಬೆ ಮಾಡುವ ಚಿತ್ರಗಾರರ ಮನೆಗೆ ಕರೆದೊಯ್ದಿದ್ದೆ. ಹಿರಿಯರೊಬ್ಬರು ನೆಲದ ಮೇಲೆ ಕೂತು ಗರುಡನ ರೆಕ್ಕೆಗೆ ಬಣ್ಣ ಕೊಡುತ್ತಿದ್ದರು. ಹಗುರ ಮರ, ಹುಣಸೆ ಬೀಜದ ಅಂಟು, ಮೇಲೆ ಹೊಳೆಯುವ ಕೆಂಪು, ಹಳದಿ, ಹಸಿರು. ‘ಭೌಗೋಳಿಕ ಸೂಚ್ಯಂಕ ಸಿಕ್ಕ ಕಲೆ ಇದು, ಒಂದಾದರೂ ತಗೊಳ್ರಿ’ ಎಂದು ಬಂದವರನ್ನು ಒತ್ತಾಯಿಸುತ್ತಿದ್ದೆ. ಅವರು ಕುಂಚ ಎತ್ತದೆ ಕೇಳಿದರು: ‘ಸರ್, ನಿಮ್ಮ ಮನ್ಯಾಗ ಕಿನ್ನಾಳದ್ದು ಏನೈತ್ರೀ?’ ಏನೂ ಇರಲಿಲ್ಲ. ಅವರಿಗೆ ನನ್ನನ್ನು ನೋಯಿಸುವ ಉದ್ದೇಶವಿರಲಿಲ್ಲ, ಯಾವ ಗೊಂಬೆ ಇದೆಯೆಂದು ತಿಳಿದರೆ ಬೇರೆಯದು ತೋರಿಸಬಹುದಿತ್ತು, ಅಷ್ಟೇ. ನಾನು ‘ಇಲ್ರೀ’ ಎಂದೆ. ಅವರು ತಲೆಯಾಡಿಸಿ ಕೆಲಸ ಮುಂದುವರಿಸಿದರು. ಆ ದಿನ ಒಂದು ಗೌರಿ ಕೊಂಡು ತಂದೆ. ಪ್ರೀತಿಯಿಂದ ತಂದೆನೋ, ಮುಖ ಉಳಿಸಿಕೊಳ್ಳಲು ತಂದೆನೋ, ಇವತ್ತಿಗೂ ಬಗೆಹರಿದಿಲ್ಲ.

ತೋರಿಸುವುದರ ಜೊತೆಗೆ ಮುಚ್ಚಿಡುವುದೂ ಇದೆ. ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟರೆ ಗಿಣಿಗೇರಿ ಬರುತ್ತದೆ. ಸುತ್ತ ಕಬ್ಬಿಣದ ಕಾರ್ಖಾನೆಗಳು. ಹಿರೇಬಗನಾಳ, ಅಲ್ಲಾನಗರದ ಕಡೆ ಮಾಳಿಗೆ, ಬೆಳೆ, ಒಣಹಾಕಿದ ಬಟ್ಟೆಗಳ ಮೇಲೆ ಕರಿ ದೂಳು ಕೂರುತ್ತದೆಂದು ಅಲ್ಲಿಯವರು ವರ್ಷಗಳಿಂದ ಗೋಳಿಡುತ್ತಿದ್ದಾರೆ. 2025ರ ಫೆಬ್ರವರಿಯಲ್ಲಿ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಊರಿಗೆ ಊರೇ ಬಂದ್ ಮಾಡಿ ಬೀದಿಗೆ ಇಳಿಯಿತು, ಗವಿಮಠದ ಅಜ್ಜಾರೂ ಬಂದು ಮಾತಾಡಿದರು. ನಾನೂ ಆ ಜನರ ನಡುವೆ ಇದ್ದೆ. ಆದರೂ ನೆಂಟರು ಕಾರಿನಲ್ಲಿದ್ದಾಗ ಗಿಣಿಗೇರಿ ಬಂದರೆ ಗ್ಲಾಸು ಏರಿಸಿ ಹುಲಿಗೆಮ್ಮನ ಮಾತೋ ಮುನಿರಾಬಾದ್ ಡ್ಯಾಮಿನ ಮಾತೋ ಎತ್ತುತ್ತೇನೆ. ಇಷ್ಟು ಚೆಂದದ ಊರನ್ನು ಹೀಗೇಕೆ ಬಿಟ್ಟಿರಿ ಎಂದು ಅವರು ಕೇಳಿಬಿಟ್ಟರೆ? ಎರಡು ಸಾವಿರ ವರ್ಷದ ಹಿಂದಿನದಕ್ಕೆ ನನ್ನಲ್ಲಿ ಮಾತಿದೆ, ಈ ದೂಳಿಗೆ ಇಲ್ಲ.

ಜಾತ್ರೆಗೆ ಬರುತ್ತೇನೆಂದು ಅಕ್ಕನ ಮಗಳು ಹೇಳಿದ್ದಾಳೆ. ಜನವರಿಯಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಗೆ ಯಾರನ್ನೂ ಕರೆದೊಯ್ದು ವಿವರಿಸಬೇಕಿಲ್ಲ. ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಬರುತ್ತವೆ, ದಾಸೋಹದಲ್ಲಿ ಪಕ್ಕದವರು ಯಾರೆಂದು ಕೇಳದೆ ಕೂತು ಉಣ್ಣುತ್ತಾರೆ. ಅಲ್ಲಿ ನಾನೂ ಬಂದವನೇ. ಅದಕ್ಕೇ ಇರಬೇಕು, ಅಲ್ಲಿ ಯಾರ ಮುಖವನ್ನೂ ಓದುತ್ತ ನಿಂತ ನೆನಪಿಲ್ಲ.

ಜಾತ್ರೆಯ ಮರುದಿನ ಹಿರೇಬಗನಾಳದ ಕಡೆ ಹೋಗೋಣ, ಅಲ್ಲಿಯ ಹೊಲಗಳನ್ನೂ ನೋಡಬೇಕು ಎಂದಿದ್ದಾಳೆ. ಸುದ್ದಿಯಲ್ಲಿ ಓದಿದ್ದಾಳಂತೆ. ಹೂಂ ಎಂದಿದ್ದೇನೆ. ಆದರೆ ಆ ದಿನಕ್ಕೆ ಇನ್ನೊಂದು ಕಾರ್ಯಕ್ರಮ ಇಟ್ಟುಕೊಂಡರೆ ಹೇಗೆ, ಕುಕನೂರಿನ ನವಲಿಂಗ ಗುಡಿ ಅವಳು ನೋಡಿಲ್ಲವಲ್ಲ ಎಂದು ನಿನ್ನೆ ಸಂಜೆಯಿಂದ ಯೋಚಿಸುತ್ತಿದ್ದೇನೆ.