ಎದ್ದು ಹೋಗುವ ನಾಯಿ ಬೇಕಿತ್ತು

ನಮ್ಮ ಮನೆಯಲ್ಲಿ ನಾಯಿಯ ವಿಷಯಕ್ಕೆ ನಾಲ್ಕು ಪಕ್ಷಗಳಿದ್ದವು. ಏಳು ವರ್ಷದ ಮಗಳಿಗೆ ಗೋಲ್ಡನ್ ರಿಟ್ರೀವರ್ ಬೇಕು, ರೀಲ್ಸ್‌ನಲ್ಲಿ ನೋಡಿದ್ದಾಳೆ. ಸಂಡೂರಿನ ಗಣಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ನಮ್ಮ ಮನೆಯವರಿಗೆ ರಾಟ್‌ವೀಲರ್ ಬೇಕು, "ನಂದು ನೈಟ್ ಡ್ಯೂಟಿ ಇದ್ದಾಗ ಮನೀಗೆ ಒಂದು ಕಾವಲು ಇರಲಿ" ಅಂತ. ಅತ್ತೆಗೆ ಯಾವ ನಾಯಿಯೂ ಬೇಡ. ನಾನು ಹೊಸಪೇಟೆಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವಳು. ಯಾವ ನಾಯಿ ಬಂದರೂ ಅದರ ಊಟ, ಉಚ್ಚೆ, ವಾಕಿಂಗ್ ಎಲ್ಲ ಯಾರ ತಲೆಗೆ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ನಾನು "ನೋಡೋಣ" ಪಕ್ಷ.

ಮೂರು ವರ್ಷದ ಮಗನ ಅಭಿಪ್ರಾಯ ಯಾರೂ ಕೇಳಿರಲಿಲ್ಲ. ಅವನಿಗೆ ಆಗಲೇ ಒಂದು ಸಲ ನಾಯಿ ಕಚ್ಚಿತ್ತು.

ಅದು ಕಂಪ್ಲಿಯಲ್ಲಿ, ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಡೆದದ್ದು. ಹಬ್ಬಕ್ಕೆ ಹೋಗಿದ್ದೆವು. ಅವರ ಮನೆಯಲ್ಲಿ ಒಂದು ಬಿಳಿ ಪಾಮೇರಿಯನ್, ಮೊಣಕಾಲೆತ್ತರವೂ ಇಲ್ಲ. "ಏನೂ ಮಾಡಂಗಿಲ್ಲ, ಭಾಳ ಸಾಧು ಐತಿ" ಅಂತ ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಅವತ್ತು ಮನೆ ತುಂಬ ಜನ. ಅದನ್ನು ಹಿತ್ತಲ ಬಾಗಿಲ ಹತ್ತಿರ ಚೈನಿನಲ್ಲಿ ಕಟ್ಟಿದ್ದರು. ಬೆಳಗ್ಗೆಯಿಂದ ಒಬ್ಬರಾದ ಮೇಲೊಬ್ಬರು ಮಕ್ಕಳು ಹೋಗಿ ಅದನ್ನು ಎಳೆದಾಡಿದ್ದರು. ಮಧ್ಯಾಹ್ನ ಅದು ಊಟ ಮಾಡುತ್ತಿದ್ದಾಗ ನನ್ನ ಮಗ ಹೋಗಿ ತಟ್ಟೆಗೆ ಕೈ ಹಾಕಿದ. ನಾಯಿ ಹಿಂದೆ ಸರಿಯಿತು. ಇನ್ನೂ ಸರಿಯಿತು. ಚೈನು ಮುಗಿಯಿತು. ಆಮೇಲೆ ಕಚ್ಚಿತು.

ಮುಂಗೈ ಮೇಲೆ ಎರಡು ಹಲ್ಲಿನ ಗುರುತು, ರಕ್ತ. ಯಾರೋ ಖಾರದ ಪುಡಿ ತಂದರು, ಯಾರೋ ಸುಣ್ಣ ಹಚ್ಚು ಅಂದರು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು ಅಂತ ಎಲ್ಲೋ ಓದಿದ್ದು ನೆನಪಿತ್ತು. ಅವನು ಚೀರುತ್ತಿದ್ದರೂ ನಲ್ಲಿ ಕೆಳಗೆ ಕೈ ಹಿಡಿದು ಅದನ್ನೇ ಮಾಡಿದೆ. ರಕ್ತ ಬಂದಿದ್ದರಿಂದ ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚಿದರು. ರೇಬೀಸ್ ಲಸಿಕೆ ಅವತ್ತು ಒಂದು, ಆಮೇಲೆ 3, 7 ಮತ್ತು 28ನೇ ದಿನ. "ಮನೀ ನಾಯಿಗೆಲ್ಲ ಯಾಕವ್ವ ಇಷ್ಟು ಸೂಜಿ" ಅಂದವರೂ ಇದ್ದರು. ರೇಬೀಸ್ ಲಕ್ಷಣ ಶುರುವಾದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ ಅಂತ ಗೊತ್ತಿದ್ದ ಮೇಲೆ ಲೆಕ್ಕ ಹಾಕುತ್ತಾ ಕೂರಲು ನನಗೆ ಧೈರ್ಯ ಬರಲಿಲ್ಲ.

ಇದಾದ ಮೇಲೆ ನಾಯಿ ವಿಷಯ ಮುಗಿಯಿತು ಅಂದುಕೊಂಡೆ. ಮಗಳು ಬಿಡಲಿಲ್ಲ. ಆರು ತಿಂಗಳು ಅದೇ ರಾಗ. ಕೊನೆಗೆ ಪಶುವೈದ್ಯರೊಬ್ಬರನ್ನು ಕೇಳೋಣ ಅಂತ ಫೋನಿನಲ್ಲಿ ತಳಿಗಳ ಪಟ್ಟಿ ಮಾಡಿಕೊಂಡು ಹೋದೆವು. ಅವರು ಪಟ್ಟಿ ನೋಡುವ ಮೊದಲೇ ಕೇಳಲು ಶುರು ಮಾಡಿದರು. "ಮನೆ ಎಷ್ಟು ದೊಡ್ಡದು? ಹಗಲು ಯಾರಿರ್ತಾರೆ? ಏಪ್ರಿಲ್‌ನಲ್ಲಿ ಬೆಳಗ್ಗೆ ಆರಕ್ಕೆ ಎದ್ದು ವಾಕಿಂಗ್ ಕರ್ಕೊಂಡು ಹೋಗೋರು ಯಾರು?" ಮೂರನೇ ಪ್ರಶ್ನೆಗೆ ಎಲ್ಲರೂ ನನ್ನ ಮುಖ ನೋಡಿದರು.

ಆಮೇಲೆ ಪಟ್ಟಿಗೆ ಬಂದರು. ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್ ಎರಡೂ ಮಕ್ಕಳ ಜೊತೆ ಹೊಂದಿಕೊಳ್ಳುವ ನಾಯಿಗಳೇ, ಸುಳ್ಳಲ್ಲ. ಆದರೆ ಬೇಟೆಗಾರರು ಹೊಡೆದ ಹಕ್ಕಿಯನ್ನು ಹೆಕ್ಕಿ ತರಲು ಬೆಳೆಸಿದ ತಳಿ ಅವು. ದಿನಾ ಓಡಾಟ ಬೇಕು, ಇಲ್ಲದಿದ್ದರೆ ಬೊಜ್ಜು, ಸೊಂಟದ ಕೀಲಿನ ತೊಂದರೆ. ಒಂದು ವರ್ಷದ ಲ್ಯಾಬ್ರಡಾರ್ ಪ್ರೀತಿಯಿಂದ ಹಾರಿದರೂ ಮೂರು ವರ್ಷದ ಮಗು ನೆಲಕ್ಕೆ ಬೀಳುತ್ತದೆ. ಪಗ್, ಶಿಟ್ಜು ಚಿಕ್ಕವು, ನಿಜ. ಆದರೆ ನಾಯಿ ತನ್ನ ಮೈ ತಂಪು ಮಾಡಿಕೊಳ್ಳುವುದೇ ಏದುಸಿರು ಬಿಟ್ಟು. ಮೂಗು ಚಪ್ಪಟೆ ಇರುವ ನಾಯಿಗೆ ಅದೇ ಕಷ್ಟ, ಹೊಸಪೇಟೆಯಲ್ಲೋ 40 ಡಿಗ್ರಿ ಬಿಸಿಲು. ಹಸ್ಕಿ ಹೆಸರು ಓದಿ ಅವರು ನಕ್ಕರು, ಅದು ಸೈಬೀರಿಯಾದಲ್ಲಿ ಹಿಮದ ಬಂಡಿ ಎಳೆಯುವ ನಾಯಿ.

ರಾಟ್‌ವೀಲರ್ ಬಗ್ಗೆ ನಮ್ಮವರೇ ದನಿ ತಗ್ಗಿಸಿ ಕೇಳಿದರು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ತಳಿಗಳನ್ನು ನಿಷೇಧಿಸಲು ಹೊರಡಿಸಿದ ಸುತ್ತೋಲೆಯಲ್ಲಿ ಅದರ ಹೆಸರಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. "ಕಾನೂನು ಬಿಡಿ. ಅಷ್ಟು ಶಕ್ತಿಯ ನಾಯಿಗೆ ತರಬೇತಿ ಕೊಡೋಕೆ ನಿಮಗೆ ಟೈಮ್ ಎಲ್ಲಿದೆ?" ಅಂದರು ಡಾಕ್ಟರ್.

ಹಾಗಾದರೆ ನಮ್ಮ ಕಡೆಯದೇ ತಳಿ, ಮುಧೋಳ ನಾಯಿ? ಮನೆಯವರ ಸ್ನೇಹಿತರೊಬ್ಬರು ಸಂಡೂರಿನ ಹತ್ತಿರ ತೋಟದಲ್ಲಿ ಎರಡು ಸಾಕಿದ್ದಾರೆ. ಒಂದು ಭಾನುವಾರ ಹೋದೆವು. ಉದ್ದ ಮುಖ, ಬಳುಕುವ ಸೊಂಟ, ಕುದುರೆ ಮರಿಯಂಥ ಕಾಲು. ಮಕ್ಕಳಿಗೆ ಅದರ ಕಥೆ ಹೇಳಿದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಉಡುಗೊರೆ ಕೊಟ್ಟರು. ಸಂಡೂರನ್ನು ಆಳಿದವರೂ ಘೋರ್ಪಡೆ ಮನೆತನದವರೇ. 2005ರಲ್ಲಿ ಈ ನಾಯಿಯ ಅಂಚೆ ಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಸೇನೆಯೂ ಮರಿಗಳನ್ನು ತೆಗೆದುಕೊಂಡು ಹೋಗಿದೆ.

ಕಥೆ ಕೇಳಿದ ಮಗಳು ಆಗಲೇ ಪಕ್ಷ ಬದಲಿಸಿದ್ದಳು. ಅಷ್ಟರಲ್ಲಿ ತೋಟದಾಚೆ ಒಂದು ಮೇಕೆ ಓಡಿತು. ಎರಡೂ ನಾಯಿ ಬಾಣದ ಹಾಗೆ ಹೋದವು. ಬೇಲಿ ಇದ್ದದ್ದಕ್ಕೆ ಮೇಕೆ ಉಳಿಯಿತು. "ಕಣ್ಣಿಗೆ ಓಡೋದು ಬಿತ್ತು ಅಂದ್ರ ಇವು ಹಿಂದ ಹೋಗೋವೇ" ಅಂದರು ಅವರು. "ಇಲ್ಲಿ ಇವು ರಾಜರು ನೋಡ್ರಿ. ನಿಮ್ಮ ಥರ್ಟಿ ಫಾರ್ಟಿ ಸೈಟಿನಾಗ ಜೈಲು ಆಗ್ತತಿ. ಮತ್ತ, ಹುಡುಗರು ಮೈಮ್ಯಾಲೆ ಬಿದ್ದು ಆಡೋದು ಇವಕ್ಕ ಅಷ್ಟು ಸೇರಂಗಿಲ್ಲ." ತಮ್ಮ ನಾಯಿಯ ಬಗ್ಗೆ ಇಷ್ಟು ನೇರವಾಗಿ ಮಾತಾಡಿದವರನ್ನು ನಾನು ಅದೇ ಮೊದಲು ನೋಡಿದ್ದು.

ವಾಪಸ್ ಬರುವಾಗ ಕಾರಿನಲ್ಲಿ ನನಗೆ ಕಂಪ್ಲಿಯ ಆ ಚೈನು ನೆನಪಾಯಿತು. ಆ ಪಾಮೇರಿಯನ್ ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಸಾಕಾಗಿತ್ತು, ಎದ್ದು ಹೋಗಲು ಜಾಗ ಇರಲಿಲ್ಲ, ಅಷ್ಟೆ. ಚಿಕ್ಕ ಮಕ್ಕಳಿರುವ ಮನೆಗೆ ಬೇಕಾದದ್ದು ಸಾಕಾದಾಗ ಎದ್ದು ಹೋಗುವ ನಾಯಿ. ಅದು ಹೋಗುವುದಕ್ಕೆ ಒಂದು ಜಾಗ. ತಳಿಯ ಹೆಸರು ಕೇಳಿದರೆ ನಾಯಿಯ ಗಾತ್ರ, ಕೂದಲು, ಓಟ ಗೊತ್ತಾಗುತ್ತದೆ. ಈ ಗುಣ ಗೊತ್ತಾಗಬೇಕಾದರೆ ಆ ಒಂದು ನಾಯಿಯನ್ನೇ ಕೂತು ನೋಡಬೇಕು. ಎರಡು ತಿಂಗಳ ಮರಿಯಲ್ಲಿ ಅದು ಅಷ್ಟಾಗಿ ಕಾಣುವುದೂ ಇಲ್ಲ.

ಹಾಗೆ ನೋಡಲು ಸಿಕ್ಕವಳು ಕೆಂಪಿ. ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರದ ಹತ್ತಿರ ನಾವು ಯಾವಾಗಲೂ ಮಿರ್ಚಿ ತಿನ್ನುವ ಅಂಗಡಿಯ ಅಕ್ಕ ಸಾಕಿದ್ದ ಕಂದು ಬಣ್ಣದ ನಾಯಿ. ವಯಸ್ಸು ಸುಮಾರು ಎರಡು. ಜನ ಕಂತ್ರಿ ನಾಯಿ ಅನ್ನುತ್ತಾರಲ್ಲ, ಅದೇ. ಆ ಅಕ್ಕನ ಮೊಮ್ಮಕ್ಕಳ ಮಧ್ಯೆಯೇ ಬೆಳೆದದ್ದು. ಹಂಪಿ ಸುತ್ತಿನ ಬಂಡೆಗಳಲ್ಲಿ ಚಿರತೆಗಳಿವೆ, ಊರಂಚಿನ ನಾಯಿಗಳನ್ನು ಹೊತ್ತೊಯ್ಯುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. "ಇದರ ಜೊತೀದು ಹೋತು. ಯಾರಾರ ಮನಿಯೊಳಗ ಇಟ್ಕೊಳ್ಳೋರು ಇದ್ರ ಕೊಟ್ಟು ಬಿಡ್ತೀನವ್ವ" ಅಂದರು ಅಕ್ಕ.

ನಾಲ್ಕು ಭಾನುವಾರ ಹೋದೆವು. ತರಲಿಕ್ಕಲ್ಲ, ನೋಡಲಿಕ್ಕೆ. ಮಗಳು ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು, ಕೆಂಪಿ ತಾನಾಗಿ ಬಂದು ಮೂಸುತ್ತಿದ್ದಳು. ಮೂರನೇ ಭಾನುವಾರ ಮಗ ಸ್ಟೀಲ್ ತಟ್ಟೆ ಬೀಳಿಸಿ ಕಿರುಚಿದ. ಅವಳು ಬೆಚ್ಚಿದಳು, ಗುರ್ ಅನ್ನಲಿಲ್ಲ, ಎದ್ದು ಹೋಗಿ ಬೆಂಚಿನ ಕೆಳಗೆ ಮಲಗಿದಳು. ಮನೆಯವರು ನನ್ನ ಮುಖ ನೋಡಿದರು. ಆಗಲೇ ತೀರ್ಮಾನವಾಗಿತ್ತು.

ತಂದ ಮೇಲೆ ಎಲ್ಲ ಸಲೀಸಾಯಿತು ಅಂತ ಹೇಳಲಾರೆ. ರೇಬೀಸ್ ಮತ್ತು ಉಳಿದ ಲಸಿಕೆ, ಜಂತುಹುಳದ ಮಾತ್ರೆ, ಉಣ್ಣಿಗೆ ಔಷಧಿ, ಸಂತಾನಹರಣ ಆಪರೇಷನ್ ಅಂತ ಖರ್ಚಾಯಿತು. ಮೊದಲ ಎರಡು ವಾರ ರಾತ್ರಿಯೆಲ್ಲ ಬೊಗಳಿದಳು, ನನ್ನ ಬೆಳಗಿನ ಮೀಟಿಂಗ್‌ನಲ್ಲೂ ಅವಳದೇ ದನಿ. ದೇವರ ಮನೆ, ಅಡುಗೆ ಮನೆಗೆ ಬರಬಾರದು ಅನ್ನುವುದು ಅತ್ತೆಯ ಷರತ್ತು, ಒಪ್ಪಿಕೊಂಡೆ. ನನ್ನದೂ ಒಂದು ಷರತ್ತು ಹಾಕಿದೆ: ಬೆಳಗ್ಗೆ ಆರರ ವಾಕಿಂಗ್ ನನ್ನದು, ಸಂಜೆಯದು ಮನೆಯವರದು, ಶಿಫ್ಟ್ ಇದ್ದರೆ ಮೈದುನನದು. ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ.

ಮಕ್ಕಳಿಗೂ ಮೂರು ನಿಯಮ. ಕೆಂಪಿ ಊಟ ಮಾಡುವಾಗ, ಮಲಗಿದಾಗ ಮುಟ್ಟಬಾರದು. ಅವಳು ಮೆಟ್ಟಿಲ ಕೆಳಗಿನ ತನ್ನ ಜಾಗಕ್ಕೆ ಹೋದರೆ ಹಿಂದೆ ಹೋಗಬಾರದು. ದೊಡ್ಡವರಿಲ್ಲದಾಗ ಚಿಕ್ಕವನು ಅವಳ ಜೊತೆ ಒಬ್ಬನೇ ಇರಬಾರದು. ಮೂರನೆಯದು ನಿಜವಾಗಿ ನಮಗೇ ಹಾಕಿದ್ದು. ಎಷ್ಟೇ ಸಾಧು ನಾಯಿಯಾದರೂ ಇದರಲ್ಲಿ ರಿಯಾಯಿತಿ ಇಲ್ಲ.

ನೀವೂ ಮಕ್ಕಳಿಗಾಗಿ ನಾಯಿ ತರುವ ಯೋಚನೆಯಲ್ಲಿದ್ದರೆ, ಲ್ಯಾಬ್ರಡಾರೇ ತನ್ನಿ, ಬೀದಿಯದನ್ನೇ ತನ್ನಿ, ಎರಡು ಮೂರು ಸಲ ಹೋಗಿ ನೋಡಿ. ಮರಿಯಾದರೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ, ತಾಯಿಯ ಸ್ವಭಾವವನ್ನೂ ನೋಡಿ. ಜೊತೆಗೆ ಅದು ಎದ್ದು ಹೋಗಿ ಮಲಗಲು ನಿಮ್ಮ ಮನೆಯಲ್ಲಿ ಒಂದು ಮೂಲೆ ಇದೆಯಾ ಅಂತ ನೋಡಿಕೊಳ್ಳಿ.

ಈಗಲೂ ಬೀದಿಯಲ್ಲಿ ಸಿಕ್ಕವರು "ಯಾವ ಜಾತಿ ನಾಯಿ ರೀ?" ಅಂತ ಕೇಳುತ್ತಾರೆ. ಮಗಳು "ಹಂಪಿದು" ಅನ್ನುತ್ತಾಳೆ. ಕೆಲವರು ಅದೊಂದು ಹೊಸ ತಳಿ ಅಂದುಕೊಂಡು ತಲೆಯಾಡಿಸುತ್ತಾರೆ.

ಮೊನ್ನೆ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮಗ ಪಕ್ಕದಲ್ಲೇ ಕೆಂಪಿಯ ಕಿವಿ ಹಿಡಿದು ಏನೋ ಗುಟ್ಟು ಹೇಳುತ್ತಿದ್ದ. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಎದ್ದು ಮೈ ಕೊಡವಿ ಮೆಟ್ಟಿಲ ಕೆಳಗೆ ಹೋದಳು. ಅವನು ನನ್ನ ಹತ್ತಿರ ಬಂದು ದೂರು ಕೊಟ್ಟ, "ಅಮ್ಮಾ, ಕೆಂಪಿ ಎದ್ದು ಹೋದ್ಲು."

"ಹೋಗ್ಲಿ ಬಿಡು ಪುಟ್ಟ, ಆಮೇಲೆ ಬರ್ತಾಳೆ" ಅಂದೆ.

ಅರ್ಧ ಗಂಟೆ ಬಿಟ್ಟು ಬಂದಳು.