ಕೋಳಿಬಲೆಯ ಕೊಡೆ

ನಮ್ಮ ಶಾಲೆಗೆ ಟೀವಿ ಬಂತು. ಗೋಡೆಗೆ ತೂಗುಹಾಕುವ, ಕರಿಹಲಗೆಯಷ್ಟು ಅಗಲದ ಟೀವಿ. ಮುಖ್ಯೋಪಾಧ್ಯಾಯರು ತೆಂಗಿನಕಾಯಿ ಒಡೆದರು, ಮಕ್ಕಳಿಗೆ ಪೇಢೆ ಹಂಚಿದ್ದಾಯಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಕೈಯಲ್ಲಿದ್ದ ರಿಮೋಟನ್ನೂ ನನ್ನ ನರೆತ ಕೂದಲನ್ನೂ ಒಮ್ಮೆ ನೋಡಿ, "ಟೀಚರ್, ನೀವು ಸಣ್ಣವರಿದ್ದಾಗ ಸಾಲ್ಯಾಗ ಇಂಥಾದ್ದೆಲ್ಲಾ ಇದ್ದಿಲ್ಲಲ್ರೀ?" ಎಂದು ಕನಿಕರದಿಂದ ಕೇಳಿದಳು.

"ಇತ್ತು," ಎಂದೆ. "ನಾನು ಎರಡನೆಯ ತರಗತಿಯಲ್ಲಿದ್ದಾಗ ನಮ್ಮ ಹಳ್ಳಿಯ ಸಾಲಿಯಲ್ಲಿ ಟೀವಿ ಇತ್ತು."

ಹುಡುಗಿ ನಂಬಲಿಲ್ಲ. ಪಕ್ಕದಲ್ಲಿದ್ದ ವಿಜ್ಞಾನದ ಮೇಷ್ಟ್ರೂ ನಂಬಲಿಲ್ಲ. ಅವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. "ಮೇಡಂ, ಬೆಂಗಳೂರಿಗೇ ಟೀವಿ ಬಂದದ್ದು 1981ರಲ್ಲಿ. ನೀವು ಎರಡನೆಯ ತರಗತಿ ಎಂದರೆ ಅದಕ್ಕಿಂತ ಆರು ವರ್ಷ ಹಿಂದಿನ ಮಾತು. ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ ಟೀವಿಯೇ!" ಎಂದು ನಕ್ಕರು. ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ. ಆದರೂ ನಾನು ಹೇಳಿದ್ದು ನಿಜ. ಬೆಂಗಳೂರು ನೋಡುವುದಕ್ಕಿಂತ ಆರು ವರ್ಷ ಮೊದಲು ನಾವು ಟೀವಿ ನೋಡಿದ್ದೆವು. ಸರಿಯಾಗಿ ಒಂದೇ ವರ್ಷ ನೋಡಿದೆವು. ಆಮೇಲೆ ಅದು ಹೊರಟುಹೋಯಿತು.

ಆ ವರ್ಷಕ್ಕೆ ದೊಡ್ಡವರು ಇಟ್ಟ ಹೆಸರು 'ಸೈಟ್'. ಉಪಗ್ರಹದ ಮೂಲಕ ಟೀವಿಯಲ್ಲಿ ಪಾಠ ಹೇಳುವ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. 1969ರಲ್ಲಿ ಅಮೆರಿಕದ ನಾಸಾದೊಡನೆ ಒಪ್ಪಂದವಾಗಿತ್ತು. ಪ್ರಯೋಗ ನಡೆಯುವುದನ್ನು ನೋಡಲು ಅವರು ಉಳಿಯಲಿಲ್ಲ, 1971ರ ಕೊನೆಯಲ್ಲೇ ತೀರಿಕೊಂಡರು. ನಮ್ಮ ಹತ್ತಿರ ಆಗ ಸ್ವಂತದ ಇಂಥ ಉಪಗ್ರಹ ಇರಲಿಲ್ಲ. ನಾಸಾದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ತಂದದ್ದು. ಅದನ್ನು ಆಫ್ರಿಕಾದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ಮಾತಾಡಿತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಮೂರು: ಬಿಜಾಪುರ, ಗುಲ್ಬರ್ಗಾ, ರಾಯಚೂರು. ಹಿಂದುಳಿದವರು ಎಂದು ಬೈಸಿಕೊಂಡದ್ದಕ್ಕೆ ನಮಗೆ ಒಮ್ಮೆಯಾದರೂ ಲಾಭವಾದದ್ದು ಹೀಗೆ.

ಇದೆಲ್ಲ ನಾನು ಮುಂದೆ ಬಿ.ಎಡ್. ಓದುವಾಗ ಪುಸ್ತಕದಲ್ಲಿ ಕಂಡದ್ದು. ಏಳು ವರ್ಷದ ನನಗೆ ಕಂಡದ್ದು ಒಂದು ಕೊಡೆ. ಜೀಪಿನಲ್ಲಿ ಬಂದವರು ಸಾಲಿಯ ಅಂಗಳದಲ್ಲಿ ಕಂಬ ನೆಟ್ಟು, ಹತ್ತು ಅಡಿ ಅಗಲದ ತಂತಿಬಲೆಯ ಕೊಡೆಯನ್ನು ಆಕಾಶಕ್ಕೆ ಬಾಯಿ ಮಾಡಿ ನಿಲ್ಲಿಸಿದರು. ಕೋಳಿಗೂಡಿಗೆ ಹೊಡೆಯುತ್ತಾರಲ್ಲ, ಅದೇ ಬಲೆ. ಖರ್ಚು ಕಡಿಮೆಯಾಗಲಿ ಎಂದು ನಮ್ಮ ಇಂಜಿನಿಯರುಗಳು ಹೂಡಿದ ಉಪಾಯ. "ಮಳಿ ಬಂದ್ರ ಸೋರತದ, ಇದೆಂಥಾ ಛತ್ರಿ?" ಎಂದು ನಮ್ಮಜ್ಜಿ ಕೇಳಿದ್ದು ಊರಲ್ಲೆಲ್ಲ ಚಾಲ್ತಿಯಾಯಿತು. ಮೇಲೆ ಆಕಾಶದಲ್ಲಿದ್ದ ಉಪಗ್ರಹದ ಆಂಟೆನಾ ಕೂಡ ಕೊಡೆಯಂತೆ ಬಿಚ್ಚಿಕೊಳ್ಳುವಂಥದ್ದು, ಸುಮಾರು ಒಂಬತ್ತು ಮೀಟರ್ ಅಗಲದ್ದು, ಎಂದು ಮುಂದೆ ಓದಿದಾಗ ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದೆ ಎನ್ನಿಸಿತು.

ಬೆಳಿಗ್ಗೆ ಮಕ್ಕಳ ಕಾರ್ಯಕ್ರಮ. ಒಟ್ಟು ಒಂದೂವರೆ ತಾಸು. ಹಿಂದಿ, ಒಡಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳು ಅದನ್ನು ಅಣ್ಣತಮ್ಮಂದಿರ ಹಾಗೆ ಹಂಚಿಕೊಂಡಿದ್ದವು. ನಮ್ಮ ಪಾಲಿಗೆ 22½ ನಿಮಿಷ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಅವರಾಡುವ ಕನ್ನಡ ಕೇಳಿ ಅಜ್ಜಿ, "ಇವರು ಯಾವ ಊರಾವರವ್ವ, ಪುಸ್ತಕ ಓದಿದಂಗ ಮಾತಾಡ್ತಾರ," ಎನ್ನುತ್ತಿದ್ದಳು. ಸಂಜೆ ದೊಡ್ಡವರ ಪಾಳಿ: ಒಕ್ಕಲುತನ, ದನಕರು, ಬಾಣಂತಿಯ ಆರೈಕೆ, ಕುಟುಂಬ ಯೋಜನೆ, ನಡುವೆ ಹಾಡು ಕುಣಿತ. ಅರ್ಧ ತಾಸು ಎಲ್ಲರಿಗೂ ಸೇರಿದ ಹಿಂದಿ ಕಾರ್ಯಕ್ರಮ. ನಿಜಾಮನ ಕಾಲ ಕಂಡ ಮುದುಕರು ಅದನ್ನು ನಮಗೆ ಅರ್ಥ ಮಾಡಿ ಹೇಳುತ್ತಾ ದೊಡ್ಡಸ್ತಿಕೆ ಮೆರೆಯುತ್ತಿದ್ದರು. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. ಇಂದಿರಾಗಾಂಧಿಯವರ ಇಪ್ಪತ್ತು ಅಂಶಗಳ ಮಾತೂ ಬರುತ್ತಿತ್ತು. ಅವು ಇಪ್ಪತ್ತೇ ಹೌದೋ ಅಲ್ಲವೋ ಎಂದು ಎಣಿಸುವ ಗೋಜಿಗೆ ನಮ್ಮೂರಲ್ಲಿ ಯಾರೂ ಹೋಗಲಿಲ್ಲ.

ಟೀವಿಯನ್ನು ಗೌಡರ ಮನೆಯಲ್ಲಿಡದೆ ಸಾಲಿಯಲ್ಲಿಟ್ಟದ್ದು ಎಲ್ಲರೂ ಬರಲಿ ಎಂದು. ಎಲ್ಲರೂ ಬಂದರು ಕೂಡ. ಸಂಜೆ ಮಾಸ್ತರು ಟೀವಿಯನ್ನು ಪಡಸಾಲೆಗೆ ತಂದಿಡುತ್ತಿದ್ದರು. ಮುಂದೆ ಹುಡುಗರು, ಅವರ ಹಿಂದೆ ಗಂಡಸರು, ಗೋಡೆಗೆ ಒತ್ತಿಕೊಂಡು ಹೆಂಗಸರು, ಕೊಡೆಯ ಕಂಬದಾಚೆ ಕೇರಿಯವರು. ಯಾರೂ ಗೆರೆ ಎಳೆದಿರಲಿಲ್ಲ, ಆದರೆ ಗೆರೆ ಇತ್ತು. ಒಂದು ರಾತ್ರಿ ಜೋರು ಮಳೆ ಬಂದು ಎಲ್ಲರೂ ಪಡಸಾಲೆಯೊಳಗೆ ನುಗ್ಗಿ, ಯಾರ ಮೊಣಕಾಲು ಯಾರ ಬೆನ್ನಿಗೆ ತಾಗಿದೆ ಎಂದು ತಿಳಿಯದಂತೆ ಕೂತು ನೋಡಿದರು. ಮರುದಿನ ಮಳೆ ಇರಲಿಲ್ಲ. ಗೆರೆ ಮತ್ತೆ ತನ್ನ ಜಾಗಕ್ಕೆ ಬಂತು.

ಇಲ್ಲಿಯವರೆಗಿನ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಶಿಕ್ಷಕರ ತರಬೇತಿಗಳಲ್ಲಿ, ಬಸ್ಸಿಗೆ ಕಾಯುವಾಗ, ಮದುವೆ ಮನೆಗಳಲ್ಲಿ. ಹೇಳದೆ ಬಿಟ್ಟದ್ದು ಅಕ್ಕನ ವಿಷಯ.

ಅಕ್ಕನಿಗೆ ಆಗ ಹನ್ನೆರಡು ವರ್ಷ. ತಮ್ಮ ಹುಟ್ಟಿದಾಗ ಅವಳ ಸಾಲಿ ಬಿಡಿಸಿದರು, ನಾಲ್ಕನೆಯ ತರಗತಿಗೆ ಮುಗಿಯಿತು. ಅವ್ವ ಕಳೆ ತೆಗೆಯಲು ಹೋದರೆ ತಮ್ಮ ಅಕ್ಕನ ಸೊಂಟದ ಮೇಲೆ. ಅವ್ವ ಮನೆಯಲ್ಲಿದ್ದ ದಿನ ಅಕ್ಕ ಕಳೆಗೆ. ಬೆಳಗಿನ ಕಾರ್ಯಕ್ರಮದ ಹೊತ್ತಿಗೆ ಅವಳು ತಮ್ಮನನ್ನು ಎತ್ತಿಕೊಂಡು ಸಾಲಿಯ ದೊಡ್ಡ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಸರಳು ಹಿಡಿದುಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮಾಸ್ತರು ಬೇಡ ಎನ್ನುತ್ತಿರಲಿಲ್ಲ. ಒಂದು ದಿನ ಬೀಜ ಮೊಳೆಯುವುದನ್ನು ತೋರಿಸಿದರು. ದಿನಗಟ್ಟಲೆ ಆಗುವುದು ನಿಮಿಷದಲ್ಲಿ ಆಗಿಹೋಯಿತು. ಮನೆಗೆ ಬಂದ ಮೇಲೆ ಅಕ್ಕ, "ನೋಡಿದೇನ, ಬೀಜ ಮೊದಲು ಕೆಳಗ ಹೋಗ್ತದ, ಆಮ್ಯಾಲೆ ಮ್ಯಾಲ ಬರ್ತದ," ಎಂದಳು. ನಾನು ಒಳಗೆ ಕೂತು ನೋಡಿದವಳು. ನನಗೆ ಅದು ಹೊಳೆದಿರಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ದಿನ. ಅಕ್ಕ ಹೊಲದಿಂದ ನೇರ ಬಂದಿದ್ದಳು. ಲಂಗಕ್ಕೆಲ್ಲ ಎರೆಮಣ್ಣು ಮೆತ್ತಿತ್ತು. ಸೊಂಟದ ಮೇಲಿನ ತಮ್ಮ ಒಂದೇ ಸಮ ಅಳುತ್ತಿದ್ದ. ಹಿಂದಿನ ಸಾಲಿನ ಹುಡುಗನೊಬ್ಬ, "ಕೂಲಿ ಆಳು ಬಂದಾಳ ನೋಡ್ರೋ, ಯಾರಕ್ಕ ಅಕಿ?" ಎಂದ. ಮಕ್ಕಳೆಲ್ಲ ತಿರುಗಿ ನೋಡಿ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾದವು. ಎದ್ದು ನಿಂತೆ. "ಮಾಸ್ತರ್, ಬೆಳಕು ಬೀಳ್ತದ್ರೀ, ಚಿತ್ರ ಕಾಣವಲ್ದು," ಎಂದು ಹೇಳಿ, ಅವರು ಉತ್ತರ ಕೊಡುವ ಮೊದಲೇ ಹೋಗಿ ಕಿಟಕಿಯ ಕದ ಹಾಕಿ ಚಿಲಕ ಜಡಿದೆ. ಬೆಳಕು ಬೀಳುತ್ತಿದ್ದದ್ದು ಸುಳ್ಳಲ್ಲ. ಕದ ಹಾಕುವಾಗ ಅಕ್ಕ ನನ್ನ ಮುಖ ನೋಡಿದಳೇ ಎಂಬುದು ಮಾತ್ರ ನೆನಪಿಲ್ಲ, ಏಕೆಂದರೆ ನಾನು ಅವಳ ಮುಖ ನೋಡಲಿಲ್ಲ. ಮರುದಿನದಿಂದ ಬೆಳಗಿನ ಹೊತ್ತು ಆ ಕಿಟಕಿ ಹಾಕಿಯೇ ಇರುತ್ತಿತ್ತು. ಅದು ರೂಢಿಯಾಯಿತು. ಮನೆಯಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ರಾತ್ರಿ ಎಂದಿನಂತೆ ನನ್ನ ತಲೆ ಬಾಚಿ ಜಡೆ ಹೆಣೆದಳು.

1976ರ ಜುಲೈ ಕೊನೆಯ ಸಂಜೆ ಊರಿಗೆ ಊರೇ ಸೇರಿತ್ತು. ನಾಳೆಯಿಂದ ಬರುವುದಿಲ್ಲ ಎಂದು ಮಾಸ್ತರು ಹೇಳಿದರು. ಯಾಕೆ ಎಂದರೆ, ಉಪಗ್ರಹ ಅಮೆರಿಕದವರದು, ವಾಪಸ್ಸು ಒಯ್ಯುತ್ತಾರೆ ಎಂದರು. ಬಾಡಿಗೆ ಎತ್ತು ಹೊಡೆದುಕೊಂಡು ಹೋದ ಹಾಗೆ ಆಕಾಶದಲ್ಲಿದ್ದುದನ್ನೂ ಹೊಡೆದುಕೊಂಡು ಹೋಗಬಹುದು ಎಂಬುದು ನಮಗೆ ಅಂದೇ ತಿಳಿದದ್ದು. 1977ರಲ್ಲಿ ಗುಲ್ಬರ್ಗಾದಲ್ಲಿ ಟೀವಿ ಕೇಂದ್ರವಾಯಿತು, ಆದರೆ ಅದರ ಅಲೆ ನಮ್ಮೂರನ್ನು ಮುಟ್ಟುತ್ತಿರಲಿಲ್ಲ. ಪೆಟ್ಟಿಗೆ ಕೆಲವು ಕಾಲ ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ಅಂಗಳದ ಕೊಡೆಯ ಮೇಲೆ ಕಾಗೆಗಳು ಕೂತವು, ಕಂಬ ವಾಲಿತು. ಕಡೆಗೆ ಯಾರೋ ಬಲೆ ಬಿಚ್ಚಿಕೊಂಡು ಹೋಗಿ ಗೂಡಿಗೆ ಹೊಡೆದರು. ಕೋಳಿಬಲೆ ಕೋಳಿಗೇ ಸಂದಿತು.

ಬಿ.ಎಡ್. ಓದುವಾಗ ಈ ಪ್ರಯೋಗದ ಫಲಿತಾಂಶದ ಬಗ್ಗೆ ಓದಿದೆ. ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟದ್ದು ಅದರ ದೊಡ್ಡ ಸಾಧನೆ. ನಮ್ಮ ಮಾಸ್ತರು ಲಾಟೀನು ಮತ್ತು ನಿಂಬೆಹಣ್ಣು ಹಿಡಿದು ಗ್ರಹಣ ತೋರಿಸಿದ್ದು ಎಲ್ಲಿಂದ ಬಂತು ಎಂಬುದು ಆಗ ತಿಳಿಯಿತು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು. ಟೀವಿಯಿಂದ ಹೆಚ್ಚು ಕಲಿತವರು ಓದುಬಲ್ಲವರಲ್ಲ, ಅಕ್ಷರ ಬಾರದವರು, ಅದರಲ್ಲೂ ಹೆಂಗಸರು ಎಂದು ಅಲ್ಲಿತ್ತು. ಗ್ರಂಥಾಲಯದ ಬೆಂಚಿನ ಮೇಲೆ ಕೂತು ಅದನ್ನು ಎರಡು ಸಲ ಓದಿದೆ. ಅಷ್ಟು ಹೊತ್ತಿಗೆ ಅಕ್ಕನಿಗೆ ಹದಿನಾರಕ್ಕೇ ಮದುವೆಯಾಗಿ, ಮೂರು ಮಕ್ಕಳಾಗಿದ್ದವು.

ಮತ್ತೆ ಇದು ನೆನಪಾದದ್ದು 2020ರಲ್ಲಿ. ಕೊರೋನಾದಿಂದ ಶಾಲೆ ಮುಚ್ಚಿತ್ತು, ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬರುತ್ತಿದ್ದವು. ಯಾವ ಮಗುವಿನ ಮನೆಯಲ್ಲಿ ಟೀವಿ ಇದೆ, ಯಾವ ಮನೆಯಲ್ಲಿಲ್ಲ ಎಂದು ನಾವು ಮಾಸ್ಕು ಕಟ್ಟಿಕೊಂಡು ಓಣಿ ಓಣಿ ಸುತ್ತಿ ಪಟ್ಟಿ ಮಾಡಿದೆವು. ಒಂದು ಮನೆಯಲ್ಲಿ ತಾಯಿ, "ಟೀವಿ ಅದ್ರೀ ಟೀಚರ್, ರೀಚಾರ್ಜ್ ಮುಗದು ಎರಡು ತಿಂಗಳಾತು," ಎಂದಳು. ಹುಡುಗಿ ಎಲ್ಲಿ ಎಂದೆ. ಹತ್ತಿ ಬಿಡಿಸಲು ಹೋಗಿದ್ದಳು. ನನ್ನ ಪಟ್ಟಿಯಲ್ಲಿ ಎರಡೇ ಕಲಮು ಇದ್ದವು, 'ಇದೆ' ಮತ್ತು 'ಇಲ್ಲ'. ಆ ಮನೆಯನ್ನು ಯಾವುದರಲ್ಲಿ ಬರೆಯಬೇಕೆಂದು ತಿಳಿಯದೆ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಉಪಗ್ರಹಗಳು ಈಗ ನಮ್ಮವೇ. ಯಾರೂ ವಾಪಸ್ಸು ಒಯ್ಯುವುದಿಲ್ಲ. ಆದರೆ ಮಗು ಹೊರಗೆ ಉಳಿಯುವುದಕ್ಕೆ ಉಪಗ್ರಹವೇ ಹೋಗಬೇಕೆಂದಿಲ್ಲ.

ಹೊಸ ಟೀವಿ ಬಂದ ದಿನ ಸಂಜೆ ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಅವಳಿಗೀಗ ಅರವತ್ತೆರಡು. ಮಂಡಿನೋವು, ಮೊಮ್ಮಗಳ ಪರೀಕ್ಷೆ, ಮಳೆ ಎಲ್ಲ ಮಾತಾಡಿ ಆದ ಮೇಲೆ, ಐವತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. "ಅಕ್ಕಾ, ಸಾಲಿಯ ಕಿಟಕಿ ಹಾಕಿದ್ದು ನಾನು. ಬೆಳಕಿಗಲ್ಲ, ನಾಚಿಕಿಗೆ. ನಿನಗ ಗೊತ್ತಿತ್ತೇನು?"

ಆ ಕಡೆ ನಗು ಕೇಳಿಸಿತು. "ಗೊತ್ತಿಲ್ಲದ ಏನು? ನೀ ಚಿಲಕ ಹಾಕಿದ್ದು ಕೇಳಿಸ್ತು. ಸಾಲಿಗಿ ಇನ್ನೊಂದು ಕಿಟಕಿ ಇತ್ತಲ್ಲ, ಟೀವಿ ಹಿಂದಿಂದು, ಸಣ್ಣದು? ಅಲ್ಲಿಗಿ ಹೋಗಿ ನಿಂತ್ನಿ. ವರ್ಷ ಮುಗಿಯೋತನ ಅಲ್ಲೇ ನಿಂತ್ನಿ."

ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನೂ ನಕ್ಕೆ. ಆಮೇಲೆ ಯೋಚನೆ ಬಂತು. "ಟೀವಿ ಹಿಂದಿನ ಕಿಟಕಿಯಿಂದ ಚಿತ್ರ ಹ್ಯಾಂಗ ಕಾಣ್ತಿತ್ತು?"

"ಚಿತ್ರ ಎಲ್ಲಿ ಕಾಣ್ಬೇಕು ತಂಗಿ, ಮಾತು ಅಷ್ಟೇ ಕೇಳ್ತಿತ್ತು. ಆದ್ರ ನಿಮ್ಮ ಮಾರಿ ಎಲ್ಲಾ ಕಾಣ್ತಿದ್ವು. ನೀ ನಕ್ರ ಮಂಗ್ಯಾ ಬಂತು ಅಂತ ತಿಳ್ಕೊಂತಿದ್ನಿ, ನೀ ಬಾಯಿ ತಗದು ಕುಂತ್ರ ಏನೋ ದೊಡ್ಡದು ಬಂದದ ಅಂತ. ಹಂಗ ನೋಡಿದ್ನಿ ನಾ ಟೀವಿ."

ನಾನು ಮಾತಾಡಲಿಲ್ಲ. ಅವಳೇ, "ಯಾಕ, ಫೋನ್ ಕಟ್ಟಾತೇನು?" ಎಂದು ಕೂಗಿದಳು.

ಈಗ ನಮ್ಮ ಶಾಲೆಯ ಟೀವಿ ಕೋಣೆಗೂ ಬಿಸಿಲು ಬೀಳುತ್ತದೆ. "ಟೀಚರ್, ಕಿಟಕಿ ಹಾಕ್ಲೇನ್ರೀ?" ಎಂದು ಮಕ್ಕಳು ದಿನಾ ಕೇಳುತ್ತಾರೆ. ಹಾಕಲೇಬೇಕಾಗುತ್ತದೆ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಆದರೆ ಕಿಟಕಿ ಹಾಕುವ ಕೆಲಸವನ್ನು ಮಕ್ಕಳಿಗೆ ಬಿಟ್ಟಿಲ್ಲ. ನಾನೇ ಹೋಗುತ್ತೇನೆ. ಹಾಕುವ ಮೊದಲು ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ಬಗ್ಗಿ ನೋಡುತ್ತೇನೆ.