ಗೆಣಸಿನ ಬಳ್ಳಿಯ ನೆರೆಹೊರೆ

ತಾಲ್ಲೂಕು ಕಚೇರಿಯ ಗುಮಾಸ್ತರ ಮನೆಯ ಸಾಮಾನು ಎಷ್ಟೆಂಬುದು ವರ್ಗವಾದ ದಿನವೇ ತಿಳಿಯತಕ್ಕದ್ದು. ರಾಯರಿಗೆ ಸವಣೂರಿನಿಂದ ಹಾನಗಲ್ಲಿಗೆ, ಅಲ್ಲಿಂದ ಶಿಗ್ಗಾವಿಗೆ, ಕಡೆಗೆ ಹಿರೇಕೆರೂರಿಗೆ ವರ್ಗವಾದವು. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ನಾಲ್ಕೂ ಧಾರವಾಡ ಜಿಲ್ಲೆಯ ತಾಲ್ಲೂಕುಗಳೇ, ದೂರವೇನಲ್ಲ. ಆದರೆ ಪ್ರತಿ ಸಲವೂ ಪಾತ್ರೆಪಡಗಗಳ ಮೇಲೆ ತೊಯ್ದ ಗೋಣಿತಟ್ಟಿನ ಕಟ್ಟೊಂದು ಏರುತ್ತಿತ್ತು. ಅದು ರಾಯರ ತಾಯಿ ತವರಿನಿಂದ ತಂದ ಗೆಣಸಿನ ಬಳ್ಳಿ. ಲಾರಿಯವನು ನಕ್ಕರೆ ಮುದುಕಿ, "ನಗಬ್ಯಾಡೋ ತಮ್ಮಾ, ಗಡ್ಡಿ ತಿಂದರ ಮುಗೀತು. ಬಳ್ಳಿ ಉಳದರ ಮತ್ತ ಗಡ್ಡಿ" ಎನ್ನುತ್ತಿದ್ದಳು.

ಸವಣೂರಿನಲ್ಲಿ ಎರೆಭೂಮಿ. ಮಳೆ ನಿಂತರೆ ನೆಲ ಬಿರಿಯುತ್ತದೆ. ಆ ಬಿರುಕಿನಲ್ಲಿ ಹುಳು ಇಳಿದು ಗಡ್ಡೆಯನ್ನು ಕೊರೆದು ಕಹಿ ಮಾಡುತ್ತದೆ. ಮುದುಕಿ ಬುಡಕ್ಕೆ ಮಣ್ಣೇರಿಸಿ ಬಿರುಕು ಮುಚ್ಚುತ್ತಿದ್ದಳು. ಮಡಿಯ ಅಂಚಿಗೆ ಅಲ್ಲೊಂದು ಇಲ್ಲೊಂದು ತೊಗರಿ ಊರುತ್ತಿದ್ದಳು.

ಹಾನಗಲ್ಲಿನಲ್ಲಿ ಮಗನಿಗೆ ವ್ಯವಸಾಯದ ಹುರುಪು ಹತ್ತಿತು. ತೊಗರಿಯನ್ನು ಕಿತ್ತೆಸೆದು, ನಾಲ್ಕು ಬುಟ್ಟಿ ಗೊಬ್ಬರ ಸುರಿದು, ಗೆಣಸಿನ ಪಕ್ಕದಲ್ಲಿ ಕುಂಬಳದ ಬೀಜ ಹಾಕಿದರು. ಮಳೆಗಾಲದಲ್ಲಿ ಹಿತ್ತಲು ಹಸುರು ಸಮುದ್ರವಾಯಿತು. ನೆರೆಯವರು ಬಂದು ನೋಡಿ ಹೊಗಳಿದರು. ದೀಪಾವಳಿ ಕಳೆದು ಅಗೆದರೆ ಕಿರುಬೆರಳಿನಂಥ ಬೇರುಗಳು! ಹೋಳಿಗೆಗೆಂದು ಬೆಲ್ಲ ತರಿಸಿದ್ದ ಸೊಸೆಯ ಮುಖ ಸಣ್ಣದಾಯಿತು.

"ಎರಡೂ ಹರಿಯೂ ಬಳ್ಳಿ. ಒಂದ ಹಾಸಗ್ಯಾಗ ಇಬ್ಬರು ಹೊರಳಾಡವರು ಮಲಗಿಧಾಂಗ ಆತು" ಎಂದಳು ತಾಯಿ.

ಸಾರಜನಕ ಅತಿಯಾದರೆ ಗೆಣಸು ಎಲೆಯನ್ನು ಬೆಳೆಸಿ ಗಡ್ಡೆಯನ್ನು ಮರೆಯುತ್ತದೆಂಬುದನ್ನು ಇಂದು ಯಾವ ಕೃಷಿ ಪುಸ್ತಕವಾದರೂ ಹೇಳೀತು. ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹದವಾಗಿ ಹಿಡಿಯುತ್ತವೆ. ಆ ಬೇರು ಆಳಕ್ಕೆ ಇಳಿಯುವುದರಿಂದ ಗಡ್ಡೆಯೊಡನೆ ಜಗಳವಿಲ್ಲ. ಬಳ್ಳಿಯೋ ನೆಲವನ್ನು ಮುಚ್ಚಿ ತೊಗರಿಗೆ ತೇವ ಕಾಯುತ್ತದೆ. ನಡುವೆ ಹಾಕಿದರೆ ನೆರಳು; ಆದುದರಿಂದಲೇ ಅಂಚು. ಇದೇ ನಮ್ಮ ರೈತರ ಅಕ್ಕಡಿ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಗಳನ್ನು ಒಂದೇ ಹೊಲದಲ್ಲಿ ಬಿತ್ತಿ ಒಂದರ ಹಿಂದೊಂದು ಮನೆಗೆ ತರುವುದು ಈ ಸೀಮೆಯ ಹಳೆಯ ರೂಢಿ. ಬಿ.ಎ. ಓದಿದ ಗುಮಾಸ್ತರಿಗೆ ಅದು ಕಾಣದಿದ್ದುದು ವಿಚಿತ್ರವೇನಲ್ಲ. ಹೊಲವನ್ನು ಅವರು ಕಂಡದ್ದು ಪಹಣಿಯಲ್ಲಿ.

ಶಿಗ್ಗಾವಿಯಲ್ಲಿ ತೊಗರಿ ಮರಳಿತು, ಗೆಣಸೂ ಇಳಿಯಿತು. ಹಿರೇಕೆರೂರಿಗೆ ಬರುವಷ್ಟರಲ್ಲಿ ಮುದುಕಿಗೆ ಕಣ್ಣು ಮಂಜಾಗಿತ್ತು. ಕಟ್ಟೆಯ ಮೇಲೆ ಕುಳಿತು, ಹಬ್ಬಿದ ಬಳ್ಳಿಯನ್ನು ಎತ್ತಿ ಹಾಕಿರೆಂದು ಸೊಸೆಗೆ ಹೇಳುತ್ತಿದ್ದಳು. ಎತ್ತದಿದ್ದರೆ ಗೆಣ್ಣುಗೆಣ್ಣಿಗೂ ಬೇರಿಳಿದು ಬುಡದ ಗಡ್ಡೆ ಬಡವಾಗುತ್ತದೆ. ಆ ಬೇಸಗೆಯಲ್ಲಿ ಆಕೆ ಹಾಸಿಗೆ ಹಿಡಿದಳು. ಮನೆಯವರೆಲ್ಲ ಔಷಧಿ, ಆರೈಕೆಗಳಲ್ಲಿದ್ದಾಗ ಬಾವಿ ಬತ್ತಿತು. ಬಚ್ಚಲ ನೀರಿಗೆ ಇಟ್ಟಿದ್ದ ಬಳ್ಳಿಯೂ ಒಣಗಿತು. ಯಾರೂ ಆಕೆಗೆ ಹೇಳಲಿಲ್ಲ. ಆಕೆ ಮಾತ್ರ ದಿನವೂ, "ಬಳ್ಳಿಗೆ ನೀರ ಹಾಕೀಯೇನವಾ?" ಎಂದು ಕೇಳುವಳು. ಸೊಸೆ, "ಹಾಕೀನಿ ಅತ್ತಿ" ಎಂದು ಒಳಗೆ ಹೋಗಿ ಕಣ್ಣೊರೆಸಿಕೊಳ್ಳುವಳು.

ಮೊದಲ ಮಳೆಯಾದ ಭಾನುವಾರ ರಾಯರು ಸವಣೂರಿನ ಬಸ್ಸು ಹತ್ತಿದರು. ಹಳೆಯ ಬಾಡಿಗೆ ಮನೆಯ ನೆರೆಯವರಿಗೆ ಮುದುಕಿ ಹಿಂದೊಮ್ಮೆ ಒಂದು ಹಿಡಿ ಬಳ್ಳಿ ಕೊಟ್ಟಿದ್ದಳು. ಅದು ಅವರ ಹಿತ್ತಲಲ್ಲಿ ಇನ್ನೂ ಹರಿಯುತ್ತಿತ್ತು. ಸಂಜೆ ರಾಯರು ತೊಯ್ದ ಕಟ್ಟನ್ನು ತಾಯಿಯ ಕೈಗಿತ್ತು ನಡೆದುದನ್ನೆಲ್ಲ ಹೇಳಿದರು. ಮುದುಕಿ ಎಲೆಯನ್ನು ಬೆರಳಿನಿಂದ ಸವರಿ ನೋಡಿದಳು.

"ನಂದ ಐತಿ" ಎಂದಳು. ತುಸು ತಡೆದು, "ತೊಗರಿ ತಂದೀಯೇನು?"

ರಾಯರು ಜೇಬಿಗೆ ಕೈ ಹಾಕಿದರು.